ಕರ್ತೃತ್ವವಿಲ್ಲದ ಕಾರ್ಯಾಲಯ

ಆತ್ಮನು ಕರ್ತೃವಲ್ಲ, ಕರ್ಮದಿಂದ ಮೋಕ್ಷ ದೊರೆಯದು ಎಂದು ಸಾರುವ ಅದ್ವೈತವು ಸಂಸ್ಥೆ ಕಟ್ಟುವುದನ್ನೂ ದೇಣಿಗೆಯ ಲೆಕ್ಕವಿಡುವುದನ್ನೂ ಹೇಗೆ ಸಮರ್ಥಿಸಿಕೊಳ್ಳಬಲ್ಲದು ಎಂಬ ಪ್ರಶ್ನೆಯನ್ನು ಹೊಳೆನರಸೀಪುರದ ಅಧ್ಯಾತ್ಮ ಪ್ರಕಾಶ ಕಾರ್ಯಾಲಯವು ಮುಂದಿಡುತ್ತದೆ. 1920ರಲ್ಲಿ ಇದನ್ನು ಸ್ಥಾಪಿಸಿದ ವೈ. ಸುಬ್ಬರಾಯರು 1948ರಲ್ಲಿ ಸಂನ್ಯಾಸ ಸ್ವೀಕರಿಸಿ ಸಚ್ಚಿದಾನಂದೇಂದ್ರ ಸರಸ್ವತಿಗಳಾದ ಮೇಲೂ ಶಾಂಕರಭಾಷ್ಯಗಳನ್ನು ಕನ್ನಡಿಗರಿಗೆ ತಲುಪಿಸುವ ಬರವಣಿಗೆಯನ್ನು ಬಿಡಲಿಲ್ಲ. ಗೀತೆಯ ಲೋಕಸಂಗ್ರಹ, ಅಂದರೆ ಜನರು ಅಡ್ಡದಾರಿ ಹಿಡಿಯದಂತೆ ತಡೆಯುವುದು, ಇದಕ್ಕೆ ಆಧಾರವಾಗಬಲ್ಲದು; ಫಲಾಪೇಕ್ಷೆಯೂ ಅಹಂಕಾರವೂ ಇಲ್ಲದ ಜ್ಞಾನಿಯ ನಡೆ ಕರ್ಮದಂತೆ ತೋರಿದರೂ ಕರ್ಮವಲ್ಲ ಎಂಬುದು ಶಂಕರರ ನಿಲುವು. ಸ್ವಾಮಿಗಳು ವೇದಾಂತದ ಕೀಲಿಕೈಯೆಂದು ಎತ್ತಿಹಿಡಿದ ಅಧ್ಯಾರೋಪಾಪವಾದವು, ಎಂದರೆ ಬೋಧನೆಗಾಗಿ ಒಂದನ್ನು ಆರೋಪಿಸಿ ಅನಂತರ ಅದನ್ನೇ ನಿರಾಕರಿಸುವ ಕ್ರಮವು, ಸಂಸ್ಥೆಗೂ ಅನ್ವಯಿಸೀತು: ತಿಳಿವು ಮೂಡುವವರೆಗೆ ಮಾತ್ರ ಅದು ಬೇಕು, ಆದರೆ ತಾನಾಗಿ ಕರಗಲೊಪ್ಪುವ ಸಂಸ್ಥೆಗಳು ಅಪರೂಪ.

ಚನ್ನರಾಯಪಟ್ಟಣ ತಾಲ್ಲೂಕಿನ ಶ್ರವಣಬೆಳಗೊಳದಲ್ಲಿ ಉತ್ತರವೇ ಬೇರೆ. ಅಪರಿಗ್ರಹ, ಅಂದರೆ ಏನನ್ನೂ ತನ್ನದೆಂದು ಹಿಡಿದಿಡದ ವ್ರತವು, ದಿಗಂಬರ ಮುನಿಯನ್ನು ಆಸ್ತಿಯಿಂದ ದೂರವಿಡುವುದರಿಂದ, ಮುನಿಗೂ ಗೃಹಸ್ಥನಿಗೂ ನಡುವಿನ, ವಸ್ತ್ರಧಾರಿಯಾದ ಭಟ್ಟಾರಕನೆಂಬ ಪೀಠಾಧಿಪತಿಯು ಮಠದ ಆಡಳಿತವನ್ನು ಹೊರುತ್ತಾನೆ. ಹನ್ನೆರಡು ವರ್ಷಗಳಿಗೊಮ್ಮೆ ನಡೆಯುವ, ಕೊನೆಯದಾಗಿ 2018ರಲ್ಲಿ ಜರುಗಿದ ಮಹಾಮಸ್ತಕಾಭಿಷೇಕದಲ್ಲಿ ಈ ಹೊಣೆ ಎಲ್ಲರ ಕಣ್ಣಿಗೂ ಬೀಳುತ್ತದೆ. ಆಡಳಿತದ ದೃಷ್ಟಿಯಿಂದ ಈ ಏರ್ಪಾಡೇ ಹೆಚ್ಚು ನೇರವಾದದ್ದು, ಏಕೆಂದರೆ ಇಲ್ಲಿ ಉತ್ತರ ಕೊಡಬೇಕಾದವರು ಯಾರೆಂಬುದು ಸ್ಪಷ್ಟ. ಜ್ಞಾನಿಯ ನಿರಹಂಕಾರವನ್ನಾದರೋ ಯಾವ ಲೆಕ್ಕಪರಿಶೋಧಕನೂ ತಾಳೆ ನೋಡಲಾರ.