ಅರಿತವನು ಆಚರಿಸದಿರುವುದು

ಮಾಂಸಖಂಡಗಳ ಉಗಮಸ್ಥಾನಗಳನ್ನೂ ಸಂಧಿಗಳ ಚಲನಮಿತಿಯನ್ನೂ ಕಂಠಸ್ಥಮಾಡಿಕೊಂಡು, ವಯಸ್ಕರಿಗೆ ವಾರಕ್ಕೆ 150 ನಿಮಿಷಗಳಿಗೆ ಕಡಿಮೆಯಿಲ್ಲದ ಮಧ್ಯಮ ಶ್ರಮ ಆವಶ್ಯಕವೆಂಬ ವಿಶ್ವ ಆರೋಗ್ಯ ಸಂಸ್ಥೆಯ ವಿಧಿಯನ್ನು ರೋಗಿಗೆ ನಿರರ್ಗಳವಾಗಿ ಉಪದೇಶಿಸಬಲ್ಲ ಫಿಸಿಯೋಥೆರಪಿ ವಿದ್ಯಾರ್ಥಿಯು, ಪರೀಕ್ಷೆ ಸಮೀಪಿಸಿತೆಂದೊಡನೆ ಹಾಸ್ಟೆಲಿನ ಕುರ್ಚಿಯಲ್ಲಿ ಬೆನ್ನು ಬಾಗಿಸಿ ಹಗಲಿರುಳು ಕುಳಿತುಬಿಡುವುದನ್ನು ಕಂಡಾಗ, ಅರಿವಿದ್ದೂ ಆಚರಣೆಯಿಲ್ಲದಿರುವುದು ಹೇಗೆ ಸಾಧ್ಯವೆಂಬ ಪುರಾತನ ಪ್ರಶ್ನೆ ಮತ್ತೆ ತಲೆಯೆತ್ತುತ್ತದೆ. ಒಳಿತನ್ನು ನಿಜವಾಗಿ ಅರಿತವನು ಅದಕ್ಕೆ ವಿರುದ್ಧವಾಗಿ ನಡೆಯಲಾರನೆಂದು ಸಾಕ್ರಟೀಸನು ನಂಬಿದ್ದನು; ಅರಿಸ್ಟಾಟಲನಾದರೋ, ಇಚ್ಛೆಗೆ ಸೋತವನ ಜ್ಞಾನವು ಅಮಲೇರಿದವನು ಎಂಪಿಡಾಕ್ಲೀಸನ ಪದ್ಯಗಳನ್ನು ಒಪ್ಪಿಸುವಂತಹುದೆಂದು ಬಗೆದನು. ನಮ್ಮ ದುರ್ಯೋಧನನೂ ಧರ್ಮವನ್ನು ಬಲ್ಲೆನೆಂದೇ ಹೇಳಿಕೊಂಡನೆಂಬ ಪ್ರತೀತಿಯುಂಟು. ಆತನು ಹೊಣೆಯನ್ನು ಹೃದಯಸ್ಥನಾದ ದೇವನ ಮೇಲೆ ಹೊರಿಸಿದನು, ವಿದ್ಯಾರ್ಥಿಯು ವೇಳಾಪಟ್ಟಿಯ ಮೇಲೆ ಹೊರಿಸುತ್ತಾನೆ. ಪರೀಕ್ಷೆಯಿಲ್ಲದ ದಿನಗಳಲ್ಲಿ ಬೆಳಗಿನ ತರಗತಿಯಿಂದ ಸಂಜೆಯ ವಾರ್ಡಿನವರೆಗೆ ನಿಂತೇ ಕಳೆಯುವವನ ನೆಪವು ಕ್ಷಮಾರ್ಹವೆಂದೇ ನನ್ನೆಣಿಕೆ.

ಆದರೂ ವಿದ್ಯಾರ್ಥಿಯ ಸೋಮಾರಿತನದಿಂದ ಆತನ ಸಲಹೆ ಸುಳ್ಳಾಗದು. ಮಂಡಿಯ ಶಸ್ತ್ರಚಿಕಿತ್ಸೆಯಾದ ಮುದುಕಿಗೆ ಆತನು ಕಲಿಸುವ ಕಾಲಿನ ವ್ಯಾಯಾಮ ಫಲಿಸಬಲ್ಲದು. ಆದರೆ ಬಲಿಷ್ಠರಿಗೂ ಅರ್ಧಶಕ್ತಿಯ ವ್ಯಾಯಾಮವನ್ನೇ ವಿಧಿಸಿದ ಆಯುರ್ವೇದಾಚಾರ್ಯ ವಾಗ್ಭಟನ ಮಾತನ್ನು ನೆನೆದಾಗ, ಆ ಅರ್ಧವು ಮುಗಿಯುವ ಕ್ಷಣವನ್ನು ಮುದುಕಿಯ ಉಸಿರಿನಲ್ಲಿ ಗುರುತಿಸಲು, ವ್ಯಾಯಾಮದಲ್ಲಿ ತಾನೆಂದೂ ದಣಿಯದವನಿಗೆ ಪುಸ್ತಕವೆಷ್ಟು ನೆರವಾದೀತೆಂಬ ಸಂಶಯ ನನ್ನನ್ನು ಬಿಡುವುದಿಲ್ಲ.