ಹಾಸಿಗೆ ಅಳೆದವರು

ಹಾಸಿಗೆ ಇದ್ದಷ್ಟು ಕಾಲು ಚಾಚು. ಮಕ್ಕಳು ನೌಕರಿ ಬಿಟ್ಟು ಸ್ವಂತ ಉದ್ಯಮಕ್ಕೆ ಕೈ ಹಾಕುತ್ತೇವೆ ಎಂದಾಗ ಮನೆಯ ಹಿರಿಯರ ಬಾಯಿಗೆ ಬರುವ ಗಾದೆ ಇದು. ಸುಮ್ಮನಿರು ಎನ್ನಲು ಇದನ್ನು ಬಳಸುತ್ತಾರೆ. ಆದರೆ ಕಾಲು ಮಡಚಿಕೊಂಡು ಮಲಗು ಎಂದು ಗಾದೆ ಎಲ್ಲೂ ಹೇಳಿಲ್ಲ. ಚಾಚುವ ಮೊದಲು ಹಾಸಿಗೆ ನೋಡಿಕೋ ಎಂದಿದೆ, ಅಷ್ಟೆ.

ಬೆಂಗಳೂರಿನ ಕಿರಣ್ ಮಜುಂದಾರ್ ಉದ್ಯಮಿಯಾಗಬೇಕೆಂದು ಹೊರಟವರಲ್ಲ. ತಂದೆಯಂತೆ ಬಿಯರ್ ತಯಾರಿಕೆಯನ್ನೇ ಕಸುಬಾಗಿಸಿಕೊಳ್ಳಲು ಆಸ್ಟ್ರೇಲಿಯಾಕ್ಕೆ ಹೋಗಿ ಕಲಿತು ಬಂದರು. ಆ ಕಸುಬು ಹೆಂಗಸಿಗಲ್ಲ ಎಂದು ಇಲ್ಲಿ ಕೆಲಸ ಸಿಗಲಿಲ್ಲ. 1978ರಲ್ಲಿ ಐರ್ಲೆಂಡಿನ ಕಂಪನಿಯೊಂದರ ಜೊತೆಗೂಡಿ, 10,000 ರೂಪಾಯಿ ಬಂಡವಾಳ ಹಾಕಿ, ಬಾಡಿಗೆ ಮನೆಯ ಗ್ಯಾರೇಜಿನಲ್ಲಿ ಬಯೋಕಾನ್ ಶುರುಮಾಡಿದರು.

ಇದನ್ನು ಬರೀ ಧೈರ್ಯದ ಕಥೆಯಾಗಿ ಹೇಳಿದರೆ ಅರ್ಧ ಬಿಟ್ಟಂತೆ. ಅವರು ಮೊದಲು ತಯಾರಿಸಿದ್ದೇನು? ಪರಂಗಿಕಾಯಿಯ ಹಾಲಿನಿಂದ ಪಪೇನ್, ಮೀನಿನ ಗಾಳಿಚೀಲದಿಂದ ಐಸಿಂಗ್ಲಾಸ್. ಎರಡೂ ಬಿಯರನ್ನು ತಿಳಿಯಾಗಿಸುವಂಥವು! ಕಲಿತ ವಿದ್ಯೆಯಿತ್ತು, ಕಚ್ಚಾ ಮಾಲು ಇಲ್ಲೇ ಸಿಗುತ್ತಿತ್ತು, ಕೊಳ್ಳುವವರು ಹೊರದೇಶದಲ್ಲಿದ್ದರು. ಹಣದಲ್ಲಿ ಕಿರಿದಾದರೂ ತಿಳಿವಳಿಕೆಯಲ್ಲಿ ಅಗಲವಾದ ಹಾಸಿಗೆ ಅದು. ಆದರೂ ಬ್ಯಾಂಕುಗಳು ಸಾಲ ಕೊಡಲು ಹಿಂಜರಿದವು. 2004ರಲ್ಲಿ ಅದೇ ಬಯೋಕಾನ್ ಯೀಸ್ಟ್ ಬೆಳೆಸಿ ಮಾಡಿದ ಇನ್ಸುಲಿನ್ ಮಾರುಕಟ್ಟೆಗೆ ತಂದಿತು.

ಅನುಭವಿ ಉದ್ಯಮಿಗಳ ಯೋಚನೆಯ ರೀತಿಯನ್ನು ಅಧ್ಯಯನ ಮಾಡಿದ ಸರಸ್ ಸರಸ್ವತಿ ಅವರು ಕಂಡದ್ದೂ ಇದನ್ನೇ. ಎಷ್ಟು ಲಾಭ ಬಂದೀತು ಎಂಬ ಲೆಕ್ಕಕ್ಕಿಂತ, ಕೈಯಲ್ಲೇನಿದೆ, ಎಷ್ಟು ಹೋದರೆ ತಡೆದುಕೊಳ್ಳಬಹುದು ಎಂಬ ಲೆಕ್ಕ ಆ ಉದ್ಯಮಿಗಳಿಗೆ ಮುಖ್ಯ.

ಸಂಬಳಕ್ಕೆ ದುಡಿಯುವವರ ಮಾತು ಬೇರೆ. ಅವರ ಹಾಸಿಗೆ ಹಾಸುವುದು ಕಂಪನಿ. ಅಮೆರಿಕದ ತ್ರೀಎಂ ಕಂಪನಿಯಲ್ಲಿ ನೌಕರರು ತಮ್ಮ ಸಮಯದ ಶೇ. 15ರಷ್ಟನ್ನು ಸ್ವಂತ ಆಲೋಚನೆಗಳಿಗೆ ಕೊಡಬಹುದೆಂಬ ಪದ್ಧತಿ ಬಹುಕಾಲದಿಂದ ಇದೆ. 1968ರಲ್ಲಿ ಅಲ್ಲಿನ ಸ್ಪೆನ್ಸರ್ ಸಿಲ್ವರ್ ತಯಾರಿಸಿದ ಅಂಟು ಗಟ್ಟಿಯಾಗಿ ಹಿಡಿಯುತ್ತಿರಲಿಲ್ಲ. ಏನು ಉಪಯೋಗವೆಂದು ಯಾರಿಗೂ ಹೊಳೆಯಲಿಲ್ಲ. ಆದರೂ ಅವರು ಸಹೋದ್ಯೋಗಿಗಳಿಗೆ ಅದರ ಬಗ್ಗೆ ಹೇಳುತ್ತಲೇ ಇದ್ದರು. 1974ರಲ್ಲಿ ಚರ್ಚಿನ ಹಾಡಿನ ಪುಸ್ತಕದಿಂದ ಪುಟದ ಗುರುತಿಗಿಟ್ಟ ಚೀಟಿಗಳು ಜಾರಿಬೀಳುತ್ತಿದ್ದಾಗ ಸಹೋದ್ಯೋಗಿ ಆರ್ಟ್ ಫ್ರೈ ಅವರಿಗೆ ಆ ಅಂಟು ನೆನಪಾಯಿತು.

ನಮ್ಮ ಎಷ್ಟು ಕಂಪನಿಗಳು ಇಷ್ಟು ವರ್ಷ ಕಾಯುತ್ತವೆ? ಹೊಸದೇನಾದರೂ ಮಾಡಿ ಎಂದು ಸಭೆಯಲ್ಲಿ ಹೇಳಿ, ಮೂರು ತಿಂಗಳಿಗೆ ಲೆಕ್ಕ ಕೇಳುವ ಕಡೆ ಜಾಣ ನೌಕರ ಬಾಯಿ ತೆರೆಯುವುದಿಲ್ಲ. ಆದರೆ ತ್ರೀಎಂ ಕಾಯಿತು. ಆ ಅಂಟು ಹಚ್ಚಿದ ಚೀಟಿಗಳನ್ನು 1977ರಲ್ಲಿ ಕೆಲವು ನಗರಗಳಲ್ಲಿ ಮಾರಾಟಕ್ಕಿಟ್ಟಾಗ ಜನ ಅಷ್ಟಾಗಿ ಕೊಳ್ಳಲಿಲ್ಲ. ಮರುವರ್ಷ ಬಾಯ್ಸಿ ಪಟ್ಟಣದಲ್ಲಿ ಪುಕ್ಕಟೆ ಹಂಚಿತು. ಬಳಸಿ ನೋಡಿದವರು ಮತ್ತೆ ಬೇಕೆಂದರು. 1980ರಲ್ಲಿ ಅವು ಪೋಸ್ಟ್-ಇಟ್ ಎಂಬ ಹೆಸರಿನಲ್ಲಿ ಅಮೆರಿಕದಾದ್ಯಂತ ಅಂಗಡಿಗಳಿಗೆ ಬಂದವು.