ಸ್ಥಳಚರಿತ್ರೆ ಮತ್ತು ಋಣವಿಚಾರ

ಒಂದು ಊರಿನ ಚರಿತ್ರೆಯನ್ನು ಕುರಿತು ಎರಡು ಪುಸ್ತಕಗಳು ಹೊರಟವೆಂದರೆ, ಎರಡನೆಯದು ಮೊದಲನೆಯದರಿಂದ ಕದ್ದದ್ದೆಂಬ ಮಾತು ಬಹುಬೇಗನೆ ಹುಟ್ಟಿಕೊಳ್ಳುವುದು. ಹಿಂದೆ ಬರೆದವರು ತಮ್ಮ ಶ್ರಮದ ಅಪಹಾರವಾಯಿತೆನ್ನುತ್ತಾರೆ. ಈಗ ಬರೆದವರು, ಚರಿತ್ರೆಯೇನು ಯಾರದಾದರೂ ಪಿತ್ರಾರ್ಜಿತ ಸ್ವತ್ತೇ ಎಂದು ಕೇಳುತ್ತಾರೆ. ಹಳೆಯ ಸ್ನೇಹಗಳು ಮುರಿಯುತ್ತವೆ. ಊರು ಎರಡು ಪಕ್ಷವಾಗುತ್ತದೆ. ಇಂತಹ ವಿವಾದದಲ್ಲಿ ಧರ್ಮವೆಲ್ಲಿದೆಯೆಂಬುದನ್ನು ಸಾವಧಾನವಾಗಿ ವಿಚಾರಮಾಡುವುದು ಉಚಿತ.

ಕಾವ್ಯಚೌರ್ಯದ ವಿಚಾರ ನಮ್ಮವರಿಗೆ ಹೊಸದಲ್ಲ. ರಾಜಶೇಖರನು ತನ್ನ ಕಾವ್ಯಮೀಮಾಂಸೆಯಲ್ಲಿ ಶಬ್ದಹರಣ, ಅರ್ಥಹರಣಗಳನ್ನು ಬಗೆಬಗೆಯಾಗಿ ವಿಂಗಡಿಸಿ, ಯಾವುದು ಸಲ್ಲುವುದು, ಯಾವುದು ಸಲ್ಲದೆಂದು ವಿವೇಚಿಸಿದ್ದಾನೆ. ಆದರೆ ಕವಿಯ ಮಾತು ಬೇರೆ, ಚರಿತ್ರಕಾರನ ಮಾತು ಬೇರೆ. ಕವಿ ತನ್ನ ವಸ್ತುವನ್ನು ಕಲ್ಪಿಸಬಲ್ಲನು. ಚರಿತ್ರಕಾರನು ಕಲ್ಪಿಸಿದರೆ ಅದೇ ಅಪರಾಧ. ದಾನಕೊಟ್ಟವನು ಅರಸು, ಕಲ್ಲಿನ ಮೇಲೆ ಅಕ್ಷರ ಕೊರೆದವನು ರೂವಾರಿ. ನಾವು ಓದಿದವರು ಮಾತ್ರ. ಆದುದರಿಂದ ಸಂಗತಿಯ ಮೇಲೆ ಯಾರಿಗೂ ಒಡೆತನವಿಲ್ಲ. ಆದರೆ ಗಿಡಗಂಟಿಗಳ ನಡುವೆ ಆ ಕಲ್ಲನ್ನು ಹುಡುಕಿ, ಸವೆದ ಅಕ್ಷರಗಳನ್ನು ಕೂಡಿಸಿ, ಇದಕ್ಕೂ ಅದಕ್ಕೂ ಸಂಬಂಧವುಂಟೆಂದು ಮೊದಲು ಕಂಡ ಶ್ರಮವಿದೆಯಷ್ಟೆ, ಅದು ಒಬ್ಬನದು. ಆ ಶ್ರಮದ ಫಲವನ್ನುಂಡು ಅವನ ಹೆಸರನ್ನು ಮರೆಸುವುದು ನಿಸ್ಸಂದೇಹವಾಗಿ ಚೌರ್ಯವೇ.

ಹೀಗೆಂದ ಮಾತ್ರಕ್ಕೆ ಆರೋಪವೆಲ್ಲ ಸತ್ಯವಾಗದು. ರೈಸ್ ಸಾಹೇಬರು 1886ರಲ್ಲಿ ಕೊಡಗಿನ ಶಾಸನಗಳ ಸಂಪುಟದಿಂದ ಆರಂಭಿಸಿದ ಎಪಿಗ್ರಾಫಿಯಾ ಕರ್ನಾಟಿಕವನ್ನು ಇಬ್ಬರೂ ತೆರೆದಿದ್ದರೆ, ಇಬ್ಬರ ಪುಸ್ತಕದಲ್ಲಿಯೂ ಅದೇ ಶಾಸನ, ಅದೇ ಅರಸು, ಅದೇ ವರ್ಷ ಬರುವುದು ಸಹಜ. ಸರಿಯಾದ ಸಂಗತಿಯಲ್ಲಿ ಸಾಮ್ಯವಿದ್ದರೆ ಅದು ಏನನ್ನೂ ಸಿದ್ಧಪಡಿಸದು. ತಪ್ಪಿನಲ್ಲಿ ಸಾಮ್ಯವಿದ್ದರೆ ಸಂಶಯಕ್ಕೆ ಎಡೆಯುಂಟು. ಅಲ್ಲಿಯೂ ಎಚ್ಚರ ಬೇಕು. ಗತಶಕವರ್ಷಕ್ಕೆ ಸಾಮಾನ್ಯವಾಗಿ 78ನ್ನು ಕೂಡಿಸಿ ಕ್ರಿಸ್ತಶಕವನ್ನು ಪಡೆಯುತ್ತೇವೆ. ತಿಥಿ ಮಾಘದ್ದೋ ಫಾಲ್ಗುಣದ್ದೋ ಆದರೆ 79ನ್ನು ಕೂಡಿಸಬೇಕು. ಇದನ್ನು ಮರೆತು ಇಬ್ಬರೂ ಒಂದು ವರ್ಷ ತಪ್ಪಿದರೆ ಅದು ಕಳವಲ್ಲ, ಇಬ್ಬರ ಅಜಾಗರೂಕತೆ. ಒಬ್ಬನು ಮಾತ್ರ ಮಾಡಬಹುದಾದ ವಿಚಿತ್ರ ತಪ್ಪು ಇನ್ನೊಬ್ಬನಲ್ಲಿ ಅಕ್ಷರಶಃ ಕಂಡಾಗ ಆರೋಪಕ್ಕೆ ಬಲ ಬರುವುದು. ಇಷ್ಟು ಪರೀಕ್ಷೆಯಿಲ್ಲದೆ ಒಬ್ಬರನ್ನು ಕಳ್ಳರೆಂದರೆ, ಹಾಗೆಂದವರು ಅವರ ಮಾನವನ್ನು ಕದ್ದಂತೆಯೇ ಸರಿ.

ಈ ಚೌರ್ಯದಿಂದ ಹಾನಿ ಯಾರಿಗೆ? ಲೇಖಕನಿಗೆಂದು ಎಲ್ಲರೂ ಹೇಳುತ್ತಾರೆ. ನನಗೆ ತೋರುವಂತೆ ಹೆಚ್ಚಿನ ಹಾನಿ ವಾಚಕರಿಗೆ. ಚರಿತ್ರೆ ನಿಂತಿರುವುದು ಸಾಕ್ಷಿಯ ಮೇಲೆ. ಒಬ್ಬನು ಊಹಿಸಿದ್ದನ್ನು ಮೂವರು ಹೆಸರು ಹೇಳದೆ ಎತ್ತಿಕೊಂಡರೆ, ವಾಚಕನು ನಾಲ್ವರು ಸಾಕ್ಷಿಗಳಿರುವರೆಂದು ನಂಬುತ್ತಾನೆ. ಊಹೆ ಸಿದ್ಧಾಂತವಾಗಿ ಕೂಡುತ್ತದೆ. ಮೂಲವನ್ನು ಹೇಳುವುದು ಕೇವಲ ಉಪಚಾರವಲ್ಲ. ನನ್ನನ್ನು ಪರೀಕ್ಷಿಸಿ ನೋಡಿರೆಂದು ವಾಚಕರಿಗೆ ಕೊಟ್ಟ ಅಧಿಕಾರಪತ್ರ.

ಆದರೆ ಆರೋಪಿಸುವವರ ಋಣವೂ ಒಂದಿದೆ. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಮೈಸೂರು ಸೀಮೆಯ ಅಳತೆಗೆ ನಿಂತ ಮೆಕೆಂಜಿ ಸಾಹೇಬರು ಕೈಫಿಯತ್ತು, ಶಾಸನಗಳನ್ನು ಸಂಗ್ರಹಿಸಿ ಪ್ರಸಿದ್ಧರಾದರು. ಅವರಿಗೆ ಈ ನಾಡಿನ ಭಾಷೆಗಳ ಬಾಗಿಲನ್ನು ತೆರೆದವರು ಕಾವಲಿ ವೆಂಕಟ ಬೋರಯ್ಯನವರು. ಜೈನರನ್ನು ಕುರಿತು ಏಷಿಯಾಟಿಕ್ ರಿಸರ್ಚಸ್ ಪತ್ರಿಕೆಯ 9ನೆಯ ಸಂಪುಟದಲ್ಲಿ ಬಂದ ವೃತ್ತಾಂತದ ತಲೆಬರಹದಲ್ಲಿಯೇ, ಇದು ಒಬ್ಬ ಜೈನ ಪುರೋಹಿತರಿಂದ ಪಡೆದುದು, ಬೋರಯ್ಯನವರು ಮೆಕೆಂಜಿಯವರಿಗಾಗಿ ಭಾಷಾಂತರಿಸಿದುದು ಎಂದಿದೆ. ಸಾಹೇಬರ ಪ್ರಾಮಾಣಿಕತೆ ಮೆಚ್ಚತಕ್ಕದ್ದು. ಆದರೂ ನೋಡಿರಿ: ಆ ತಲೆಬರಹದಲ್ಲಿ ಪುರೋಹಿತರ ಊರಿದೆ, ಹೆಸರಿಲ್ಲ. ಬಲ್ಲವರು ಅವರು; ಹೆಸರು ಉಳಿದದ್ದು ಕೇಳಿದವರದು.

ಇದನ್ನು ಬರೆಯುವಾಗ ನನಗೆ ಸಂಕೋಚವಾಗುತ್ತಿದೆ. ಅನೇಕ ವರ್ಷಗಳ ಹಿಂದೆ ನಮ್ಮ ಸೀಮೆಯ ಕೆರೆಗಳ ವಿಷಯವಾಗಿ ನಾನೊಂದು ಲೇಖನ ಬರೆದೆನು. ಮುಂದೆ ಒಬ್ಬರು ಅದರ ಎರಡು ಪುಟಗಳನ್ನು ತಮ್ಮ ಪುಸ್ತಕದಲ್ಲಿ ಹಾಗೆಯೇ ಸೇರಿಸಿಕೊಂಡರು. ಕೋಪದಿಂದ ಪತ್ರ ಬರೆಯಲು ಕುಳಿತು, ಹೋಲಿಸುವುದಕ್ಕೆಂದು ನನ್ನ ಲೇಖನವನ್ನೇ ಮತ್ತೆ ಓದಿದೆನು. ಆ ಎರಡು ಪುಟಗಳ ಸಂಗತಿಯೆಲ್ಲ, ಹಿಂದೆ ಶಾನುಭೋಗಿಕೆ ನಡೆಸಿದ ಮನೆತನದ ಒಬ್ಬ ವೃದ್ಧರು ಜಗಲಿಯಲ್ಲಿ ಕುಳಿತು ಎರಡು ಮಧ್ಯಾಹ್ನ ನನಗೆ ಹೇಳಿದ್ದು. ತಮ್ಮ ಕಡತವನ್ನು ಬಿಡಿಸಿ ತೋರಿಸಿದ್ದು. ನಾನು ಬರೆದದ್ದು "ಸ್ಥಳೀಯರಿಂದ ತಿಳಿದುಬರುವುದೇನೆಂದರೆ" ಎಂದಿಷ್ಟೆ. ಅವರ ಮಜ್ಜಿಗೆಯನ್ನು ಕುಡಿದಿದ್ದೆನು, ಹೆಸರನ್ನು ಬರೆಯಲಿಲ್ಲ. ಅಚ್ಚಾದುದರ ಸಾಲವನ್ನು ಲೆಕ್ಕವಿಡುವ ನಾವು ಬಾಯಿಮಾತಿನ ಸಾಲವನ್ನು ಸಾಲವೆಂದೇ ಎಣಿಸುವುದಿಲ್ಲ.

ಆ ಪತ್ರವನ್ನು ನಾನು ಬರೆಯದೆ ಬಿಡಲಿಲ್ಲ. ನನ್ನ ತಪ್ಪಿನಿಂದ ಅವರ ತಪ್ಪು ಒಪ್ಪಾಗದು. ಆದರೆ ಹೆಸರು ಹಾಕಬೇಕೆಂದು ಕೇಳಿದಾಗ ಮೊದಲು ಆ ವೃದ್ಧರ ಹೆಸರನ್ನೂ ಅದರ ಕೆಳಗೆ ನನ್ನದನ್ನೂ ಬರೆದು ಕಳುಹಿಸಿದೆನು. ಆ ವೇಳೆಗೆ ಅವರು ತೀರಿಕೊಂಡು ಎರಡು ವರ್ಷಗಳಾಗಿದ್ದವು.